ಸೂಜಿಗಲ್ಲಿನಿಂದ ವಿರಳ ಭಸ್ಮ ಕಾಂತದವರೆಗೆ: ಮುಂಬಯಿಯ ನೆಲೆಯಿಂದ ಒಂದು ಅವಲೋಕನ

ಕಬ್ಬಿಣವನ್ನು ಸೆಳೆಯುವ ಕಲ್ಲಿಗೆ ಕನ್ನಡದಲ್ಲಿ ಎರಡು ಹೆಸರುಗಳು ಬಳಕೆಯಲ್ಲಿವೆ. ‘ಅಯಸ್ಕಾಂತ’ ಸಂಸ್ಕೃತದಿಂದ ಬಂದುದು. ಕಬ್ಬಿಣಕ್ಕೆ ಪ್ರಿಯವಾದುದು ಎಂದು ಅದರ ಅರ್ಥ. ‘ಸೂಜಿಗಲ್ಲು’ ದೇಶ್ಯ. ಮೊದಲನೆಯದು ಎರಡು ವಸ್ತುಗಳ ಸಂಬಂಧವನ್ನು ಹೇಳಿದರೆ ಎರಡನೆಯದು ಕಣ್ಣಿಗೆ ಕಂಡ ಒಂದು ಪ್ರಯೋಗವನ್ನೇ ಹೆಸರಾಗಿಸಿಕೊಂಡಿದೆ. ವೈಶೇಷಿಕ ಸೂತ್ರಗಳ ಐದನೆಯ ಅಧ್ಯಾಯದಲ್ಲಿಯೂ ಇದೇ ಸೂಜಿ ಬರುತ್ತದೆ. ಅದು ಕಲ್ಲಿನ ಕಡೆಗೆ ಸರಿಯುವುದಕ್ಕೆ ಕಾರಣ ‘ಅದೃಷ್ಟ’ವೆಂದು ಕಣಾದನ ನಿಲುವು. ಇಲ್ಲಿ ಅದೃಷ್ಟವೆಂದರೆ ಭಾಗ್ಯವೆಂಬ ಇಂದಿನ ರೂಢಾರ್ಥವಲ್ಲ, ಕಣ್ಣಿಗೆ ಕಾಣದ ಕಾರಣ. ಪುರುಷನ ಸನ್ನಿಧಿಮಾತ್ರದಿಂದ ಪ್ರಕೃತಿ ಚಲಿಸುತ್ತದೆಂಬುದಕ್ಕೆ ಸಾಂಖ್ಯರು ಈ ಕಲ್ಲನ್ನೇ ದೃಷ್ಟಾಂತವಾಗಿ ತಂದರು. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಅದನ್ನು ಒಪ್ಪಲಿಲ್ಲ. ಅಯಸ್ಕಾಂತದ ಸನ್ನಿಧಿ ಅನಿತ್ಯವಾದುದು, ಅದನ್ನು ಉಜ್ಜಿ ಶುದ್ಧಮಾಡುವುದೇ ಮೊದಲಾದ ಅಪೇಕ್ಷೆಗಳೂ ಅದಕ್ಕಿವೆ, ಆದುದರಿಂದ ನಿತ್ಯಸನ್ನಿಧಿಯುಳ್ಳ ಪುರುಷನಿಗೆ ಅದು ಹೋಲಿಕೆಯಾಗದು ಎಂಬುದು ಅವರ ಆಕ್ಷೇಪ. ತತ್ತ್ವವಿಚಾರ ಹಾಗಿರಲಿ, ಅಯಸ್ಕಾಂತದ ಶಕ್ತಿ ಎಷ್ಟು ಕಾಲ, ಎಂತಹ ಪರಿಸ್ಥಿತಿಯಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಯೇ ಇಪ್ಪತ್ತನೆಯ ಶತಮಾನದ ಕಾಂತವಿಜ್ಞಾನದ ಮುಖ್ಯ ಪ್ರಶ್ನೆಯಾಯಿತು. ಅದಕ್ಕೆ ದೊರೆತ ಅತ್ಯಂತ ಸಮರ್ಥ ಉತ್ತರವೆಂದರೆ ವಿರಳ ಭಸ್ಮ ಧಾತುಗಳಿಂದ ತಯಾರಾದ ಶಾಶ್ವತ ಅಯಸ್ಕಾಂತ.

‘ವಿರಳ ಭಸ್ಮ’ ಎಂಬ ಪಾರಿಭಾಷಿಕ ಪದವನ್ನು ಕುರಿತು ಒಂದು ಮಾತು ಅಗತ್ಯ. ಯುರೋಪಿನ ಹಳೆಯ ರಸಾಯನಶಾಸ್ತ್ರದಲ್ಲಿ ನೀರಿನಲ್ಲಿ ಕರಗದ, ಬೆಂಕಿಗೆ ಜಗ್ಗದ ಲೋಹದ ಆಕ್ಸೈಡುಗಳಿಗೆ ‘ಮಣ್ಣು’ ಎಂಬರ್ಥದ ಹೆಸರಿತ್ತು. ಅದನ್ನು ಕೆಲವರು ‘ಮೃತ್ತಿಕೆ’ ಎಂದು ತಂದರು. ಪದಶಃ ಅದು ಸರಿ, ಅರ್ಥತಃ ದಾರಿ ತಪ್ಪಿಸುವಂಥದು. ಆಯುರ್ವೇದದ ಪರಂಪರೆಯಲ್ಲಿ ಲೋಹವನ್ನು ಪುಟವಿಟ್ಟು ಪಡೆದ ಪುಡಿಗೆ ಭಸ್ಮವೆಂಬ ಹೆಸರು ಮೊದಲಿನಿಂದಲೂ ಇದೆ, ಮತ್ತು ಅಂತಹ ಭಸ್ಮಗಳಲ್ಲಿ ಹಲವು ಆಕ್ಸೈಡುಗಳೇ. ಆದ್ದರಿಂದ ‘ಭಸ್ಮ’ ಎಂಬುದು ಮೂಲಪದಕ್ಕಿಂತಲೂ ಹೆಚ್ಚು ನಿಖರವಾದ ಅನುವಾದ. ದೋಷವಿರುವುದು ‘ವಿರಳ’ ಎಂಬುದರಲ್ಲಿ. ಈ ಧಾತುಗಳಲ್ಲಿ ಒಂದಾದ ಸೀರಿಯಮ್ ಭೂಮಿಯ ಚಿಪ್ಪಿನಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ನಿಯೋಡಿಮಿಯಮ್ ಸೀಸಕ್ಕಿಂತ ಹೆಚ್ಚು. ವಿರಳವಾದುದು ಧಾತುವಲ್ಲ, ಅದು ಒಂದೆಡೆ ಸಾಂದ್ರವಾಗಿ ದೊರೆಯುವ ನೆಲೆ. ಅದಕ್ಕಿಂತಲೂ ವಿರಳವಾದುದು ಅವುಗಳನ್ನು ಒಂದರಿಂದೊಂದು ಬಿಡಿಸುವ ವಿದ್ಯೆ.

ಮುಂಬಯಿಗೂ ಕಾಂತವಿಜ್ಞಾನಕ್ಕೂ ಇರುವ ನಂಟು ಈ ಲೋಹಗಳಿಗಿಂತ ಹಳೆಯದು. ಕೊಲಾಬಾದಲ್ಲಿ ೧೮೨೬ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸ್ಥಾಪಿಸಿದ ವೀಕ್ಷಣಾಲಯದಲ್ಲಿ ೧೮೪೧ರಿಂದ ಭೂಕಾಂತತ್ವದ ಅಳತೆ ಆರಂಭವಾಯಿತು. ೧೮೫೯ರ ಸೆಪ್ಟೆಂಬರಿನಲ್ಲಿ ಸೂರ್ಯನಿಂದ ಹೊರಟ ಮಹಾಕಾಂತ ಚಂಡಮಾರುತ ಭೂಮಿಗೆ ಬಡಿದಾಗ ಉಷ್ಣವಲಯದಲ್ಲಿ ಅದನ್ನು ದಾಖಲಿಸಿದ್ದು ಕೊಲಾಬಾದ ಉಪಕರಣಗಳು. ಆ ಅಂಕಿಗಳು ೨೦೦೩ರಲ್ಲಿ ಮರುವಿಶ್ಲೇಷಣೆಗೊಂಡು, ಭೂಕಾಂತಕ್ಷೇತ್ರದ ಸಮತಲ ಘಟಕ ಸುಮಾರು ೧೬೦೦ ನ್ಯಾನೋಟೆಸ್ಲಾದಷ್ಟು ಕುಸಿದಿತ್ತೆಂದು ಪ್ರಕಟವಾಯಿತು. ನಗರದಲ್ಲಿ ಕುದುರೆ ಎಳೆಯುವ ಟ್ರಾಮಿನ ಬದಲು ವಿದ್ಯುತ್ ಟ್ರಾಮ್ ಬರುವುದು ನಿಶ್ಚಯವಾದಾಗ, ಹಳಿಗಳಲ್ಲಿ ಹರಿಯುವ ವಿದ್ಯುತ್ತು ಸೂಕ್ಷ್ಮ ಸೂಜಿಗಳನ್ನು ಕದಡುವುದೆಂದು ಅರಿತ ನಿರ್ದೇಶಕ ಎನ್. ಎ. ಎಫ್. ಮೂಸ್ ಅವರು ಕಾಂತವೀಕ್ಷಣೆಯನ್ನು ಕೊಲ್ಲಿಯಾಚೆಯ ಅಲಿಬಾಗಿಗೆ ಸಾಗಿಸಿದರು. ೧೯೦೪ರಲ್ಲಿ ಅಲ್ಲಿ ಕೆಲಸ ಆರಂಭವಾದರೂ ಕೊಲಾಬಾದ ಕೆಲಸವನ್ನು ತಕ್ಷಣ ನಿಲ್ಲಿಸಲಿಲ್ಲ. ಹಳೆಯ ಮತ್ತು ಹೊಸ ಅಂಕಿಗಳ ಸರಣಿ ಕಡಿಯದಿರಲೆಂದು ಎರಡೂ ಕಡೆ ೧೯೦೬ರವರೆಗೆ ಅಳತೆ ನಡೆಯಿತು. ವಿದ್ಯುತ್ ಟ್ರಾಮ್ ಓಡಿದ್ದು ೧೯೦೭ರಲ್ಲಿ. ಒಂದು ನಗರವು ತನ್ನ ವಾಹನಕ್ಕಾಗಿ ಒಂದು ವಿಜ್ಞಾನವನ್ನು ಸ್ಥಳಾಂತರಿಸಿದ, ಅದೂ ಇಷ್ಟು ಅಚ್ಚುಕಟ್ಟಾಗಿ ಸ್ಥಳಾಂತರಿಸಿದ ನಿದರ್ಶನಗಳು ಹೆಚ್ಚಿಲ್ಲ. ಅದೇ ಕೊಲಾಬಾದ ತುದಿಯಲ್ಲಿ ೧೯೬೨ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕಟ್ಟಡ ಉದ್ಘಾಟನೆಯಾಯಿತು. ೧೯೪೫ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹುಟ್ಟಿ ಅದೇ ವರ್ಷ ಮುಂಬಯಿಗೆ ಬಂದ ಸಂಸ್ಥೆ ಅದು.

ಲೋಹಗಳ ಕಥೆ ಬೇರೊಂದು ದಾರಿಯಿಂದ ನಗರವನ್ನು ಸೇರಿತು. ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ ೧೮೮೫ರಲ್ಲಿ, ಅಲ್ಲಿಯವರೆಗೆ ಒಂದೇ ಧಾತುವೆಂದು ತಿಳಿಯಲಾಗಿದ್ದ ‘ಡಿಡಿಮಿಯಮ್’ ಅನ್ನು ಎರಡಾಗಿ ಸೀಳಿದ. ಗ್ರೀಕಿನಲ್ಲಿ ಡಿಡಿಮಸ್ ಎಂದರೆ ಅವಳಿ. ಹೊಸ ಅವಳಿ ನಿಯೋಡಿಮಿಯಮ್ ಆಯಿತು. ಹಸಿರು ಲವಣಗಳನ್ನು ಕೊಡುವ ಇನ್ನೊಂದು ಪ್ರೆಸಿಯೋಡಿಮಿಯಮ್. ಗ್ಯಾಸ್ ದೀಪದ ಮ್ಯಾಂಟಲ್ಲನ್ನು ಕಂಡುಹಿಡಿದವನೂ ಅವನೇ. ಆ ಬಲೆಯಲ್ಲಿ ಉರಿಯುತ್ತಿದ್ದುದು ಹೆಚ್ಚಾಗಿ ಥೋರಿಯಮ್ ಆಕ್ಸೈಡು, ನೂರಕ್ಕೆ ಒಂದರಷ್ಟು ಸೀರಿಯಮ್ ಆಕ್ಸೈಡು. ಕರಾವಳಿಯ ಗದ್ದೆಗಳಲ್ಲಿ ರಾತ್ರಿಯಿಡೀ ನಡೆದ ಯಕ್ಷಗಾನ ಬಯಲಾಟಗಳ ರಂಗಸ್ಥಳವನ್ನು ಬೆಳಗಿದ ಗ್ಯಾಸ್‌ಲೈಟಿನ ಬಿಳಿ ಬೆಳಕು ಈ ಎರಡು ಭಸ್ಮಗಳದು. ಥೋರಿಯಮ್ಮಿಗಾಗಿ ಯುರೋಪು ಮೊನಜೈಟ್ ಎಂಬ ಖನಿಜವನ್ನು ಅರಸುತ್ತಿದ್ದಾಗ, ೧೯೦೯ರಲ್ಲಿ ಜರ್ಮನ್ ರಸಾಯನಜ್ಞ ಶೋಂಬರ್ಗ್ ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಅದನ್ನು ಗುರುತಿಸಿದ. ಮಣವಾಳಕುರಿಚಿಯ ಮರಳು ಹಡಗೇರಿತು. ಬೇಕಾಗಿದ್ದುದು ಥೋರಿಯಮ್, ನಿಯೋಡಿಮಿಯಮ್ ಇತ್ಯಾದಿ ಅವಳಿಗಳು ಆ ಕಾಲಕ್ಕೆ ಬಹುಮಟ್ಟಿಗೆ ಕಸ.

ಸ್ವಾತಂತ್ರ್ಯಾನಂತರ ಈ ಮರಳು ಪರಮಾಣು ಶಕ್ತಿಯ ಲೆಕ್ಕಾಚಾರದೊಳಗೆ ಬಂದಿತು. ೧೯೫೦ರ ಆಗಸ್ಟ್ ೧೮ರಂದು ಭಾರತ ಸರಕಾರ ಮತ್ತು ತಿರುವಾಂಕೂರು-ಕೊಚ್ಚಿ ಸರಕಾರಗಳು ಜಂಟಿಯಾಗಿ ಇಂಡಿಯನ್ ರೇರ್ ಅರ್ಥ್ಸ್ ಲಿಮಿಟೆಡ್ ಅನ್ನು ಸ್ಥಾಪಿಸಿದವು. ೧೯೫೨ರಲ್ಲಿ ಆಲುವಾದ ಕಾರ್ಖಾನೆ ಆರಂಭವಾಯಿತು. ಬಿಸಿಯಾದ ಕಾಸ್ಟಿಕ್ ಸೋಡಾದಲ್ಲಿ ಮೊನಜೈಟನ್ನು ಒಡೆದು ಅಲ್ಲಿ ಬೇರ್ಪಡಿಸಿದ ಥೋರಿಯಮ್ ಸಾಂದ್ರ, ೧೯೫೫ರಿಂದ ಟ್ರಾಂಬೆಯ ಥೋರಿಯಮ್ ಸ್ಥಾವರಕ್ಕೆ ಬಂದು ಶುದ್ಧಿಯಾಗುತ್ತಿತ್ತು. ೧೯೬೩ರಲ್ಲಿ ಕಂಪನಿ ಪೂರ್ಣವಾಗಿ ಪರಮಾಣು ಶಕ್ತಿ ಇಲಾಖೆಯ ಅಧೀನವಾಯಿತು. ಅದರ ಪ್ರಧಾನ ಕಚೇರಿ ಇರುವುದು ಪ್ರಭಾದೇವಿಯ ಸಿದ್ಧಿವಿನಾಯಕ ಮಂದಿರದ ಸಮೀಪದಲ್ಲಿ. ಮಂಗಳವಾರ ದರ್ಶನದ ಸಾಲಿನಲ್ಲಿ ನಿಂತ ಸಾವಿರಾರು ಜನರಲ್ಲಿ ಆ ಫಲಕವನ್ನು ಓದಿದವರು ಎಷ್ಟು ಮಂದಿಯೋ. ಮುಂಬಯಿ ಕನ್ನಡ ಸಾಹಿತ್ಯಕ್ಕೆ ಇಂತಹ ನೆಲೆಗಳು ಅಪರಿಚಿತವಲ್ಲ. ಪ್ಲಾಸ್ಟಿಕ್ ಉದ್ಯಮದಲ್ಲಿದ್ದ ಯಶವಂತ ಚಿತ್ತಾಲರು, ಟ್ರಾಂಬೆಯ ಸಂಶೋಧನಾ ಕೇಂದ್ರದಲ್ಲಿದ್ದ ವ್ಯಾಸರಾವ್ ನಿಂಜೂರರು ಪ್ರಯೋಗಾಲಯ ಮತ್ತು ಕಾರ್ಖಾನೆಗಳ ಒಳಗಿನಿಂದಲೇ ಬರವಣಿಗೆಗೆ ಬಂದವರು. ಆದರೂ ಈ ನಗರದ ವಿಜ್ಞಾನವೇ ವಸ್ತುವಾದ ಕನ್ನಡ ಬರಹ ಇರಬೇಕಾದಷ್ಟು ಇಲ್ಲ.

ಇನ್ನು ಕಾಣದ ಕಾರಣದ ವಿಚಾರ. ಪ್ರತಿಯೊಂದು ಇಲೆಕ್ಟ್ರಾನೂ ತನ್ನ ಗಿರಕಿಯಿಂದಾಗಿ ಒಂದು ಸೂಕ್ಷ್ಮ ಅಯಸ್ಕಾಂತ. ಹೆಚ್ಚಿನ ಪದಾರ್ಥಗಳಲ್ಲಿ ಇಲೆಕ್ಟ್ರಾನುಗಳು ಜೋಡಿಜೋಡಿಯಾಗಿ ವಿರುದ್ಧ ದಿಕ್ಕಿಗೆ ತಿರುಗಿ ಪರಸ್ಪರ ಪ್ರಭಾವವನ್ನು ಅಳಿಸಿಹಾಕುತ್ತವೆ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳಲ್ಲಿ ಜೋಡಿಯಿಲ್ಲದ ಇಲೆಕ್ಟ್ರಾನುಗಳು ಉಳಿದು, ನೆರೆಯ ಪರಮಾಣುಗಳ ಇಲೆಕ್ಟ್ರಾನುಗಳೊಡನೆ ಒಂದೇ ದಿಕ್ಕಿಗೆ ಮುಖಮಾಡುತ್ತವೆ. ಆದರೆ ಶುದ್ಧ ಕಬ್ಬಿಣದ ಒಗ್ಗಟ್ಟು ಬಲವಾದರೂ ಅದರ ದಿಕ್ಕಿಗೆ ನಿಷ್ಠೆಯಿಲ್ಲ. ಹೊರಗಿನ ಕ್ಷೇತ್ರ ಸ್ವಲ್ಪ ತಿರುಗಿದರೂ ಅದು ತಿರುಗುತ್ತದೆ. ಕ್ಷೇತ್ರವನ್ನು ತೆಗೆದರೆ ಸಣ್ಣ ಸಣ್ಣ ಪ್ರದೇಶಗಳಾಗಿ ಒಡೆದು ಪ್ರತಿಯೊಂದೂ ಬೇರೆ ಬೇರೆ ಕಡೆಗೆ ಮುಖಮಾಡಿ ಒಟ್ಟು ಫಲ ಶೂನ್ಯಕ್ಕೆ ಹತ್ತಿರವಾಗುತ್ತದೆ. ಸಂಜೆಯ ಚರ್ಚ್‌ಗೇಟ್ ನಿಲ್ದಾಣದಲ್ಲಿ ಒಂದೇ ಪ್ಲಾಟ್‌ಫಾರ್ಮಿನತ್ತ ನಡೆಯುತ್ತಿದ್ದ ಜನಸಂದಣಿ ಒಂದು ಘೋಷಣೆಯಿಂದ ಇನ್ನೊಂದರತ್ತ ತಿರುಗುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ವಿದ್ಯುತ್ ಪರಿವರ್ತಕದ ತಿರುಳಿಗೆ ಈ ಗುಣ ವರ. ಶಾಶ್ವತ ಅಯಸ್ಕಾಂತಕ್ಕೆ ಬೇಕಾದುದು ಮಾತ್ರ ಹಠ: ಒಮ್ಮೆ ಹಿಡಿದ ದಿಕ್ಕನ್ನು ಬಿಡದಿರುವ ಸ್ವಭಾವ.

ಆ ಹಠವನ್ನು ಕೊಡುವುದು ವಿರಳ ಭಸ್ಮ ಧಾತು. ಇವುಗಳ ವಿಶಿಷ್ಟ ಇಲೆಕ್ಟ್ರಾನುಗಳು ಪರಮಾಣುವಿನ ನಾಲ್ಕನೆಯ ಕವಚದ ‘ಎಫ್’ ಎಂಬ ಉಪಕವಚದಲ್ಲಿ, ಹೊರಗಿನ ಇಲೆಕ್ಟ್ರಾನುಗಳ ಮರೆಯಲ್ಲಿ ಹುದುಗಿವೆ. ಅಲ್ಲಿ ಹದಿನಾಲ್ಕು ಇಲೆಕ್ಟ್ರಾನುಗಳಿಗೆ ಜಾಗವುಂಟು. ಅವುಗಳ ಗಿರಕಿ ಮತ್ತು ಕಕ್ಷಾಚಲನೆ ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಂಡಿರುತ್ತವೆ. ಅವು ಉಂಟುಮಾಡುವ ವಿದ್ಯುದಾವೇಶದ ಮೋಡ ಗುಂಡಗಿರದೆ ಕೆಲವು ಧಾತುಗಳಲ್ಲಿ ಚಪ್ಪಟೆಯಾಗಿಯೂ ಕೆಲವುಗಳಲ್ಲಿ ಉದ್ದವಾಗಿಯೂ ಇರುತ್ತದೆ. ಹರಳಿನೊಳಗೆ ಸುತ್ತಲಿನ ಪರಮಾಣುಗಳ ವಿದ್ಯುತ್ ಕ್ಷೇತ್ರ ಆ ಮೋಡವನ್ನು ಒಂದು ನಿರ್ದಿಷ್ಟ ಅಕ್ಷಕ್ಕೆ ಕೂರಿಸಿಬಿಡುತ್ತದೆ. ಮೋಡ ತಿರುಗದಿದ್ದರೆ ಕಾಂತದ ದಿಕ್ಕೂ ತಿರುಗದು. ಆದರೆ ಈ ಧಾತುಗಳು ಏಕಾಕಿಯಾಗಿ ನಿಷ್ಪ್ರಯೋಜಕ. ಕೋಣೆಯ ಉಷ್ಣತೆಯಲ್ಲಿ ಅವುಗಳೊಳಗಿನ ಒಗ್ಗಟ್ಟು ಒಡೆದುಹೋಗುತ್ತದೆ. ಆದ್ದರಿಂದ ಶಕ್ತಿಗಾಗಿ, ಬಿಸಿಗೆ ಮಣಿಯದ ಒಗ್ಗಟ್ಟಿಗಾಗಿ ಕಬ್ಬಿಣ ಇಲ್ಲವೆ ಕೋಬಾಲ್ಟ್. ಹಠಕ್ಕಾಗಿ ವಿರಳ ಭಸ್ಮ. ಈ ಎರಡರ ಸಂಯೋಗವೇ ಇಡೀ ವಿಜ್ಞಾನದ ಸಾರ. ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಎಫ್ ಇಲೆಕ್ಟ್ರಾನುಗಳು ಒಳಗೆ ಹುದುಗಿರುವುದರಿಂದಲೇ ಈ ಧಾತುಗಳ ಹೊರಮೈ, ಅಂದರೆ ರಾಸಾಯನಿಕ ವರ್ತನೆ, ಒಂದರಂತೆ ಇನ್ನೊಂದು. ಅಯಸ್ಕಾಂತಕ್ಕೆ ಬಲ ಕೊಟ್ಟ ಗುಣವೇ ರಸಾಯನಜ್ಞನಿಗೆ ತಲೆನೋವಾಯಿತು. ಸೀಮೆಎಣ್ಣೆಯಂತಹ ದ್ರಾವಕ ಮತ್ತು ಆಮ್ಲಗಳ ನಡುವೆ ನೂರಾರು ಹಂತಗಳಲ್ಲಿ ಕಲಕಿ ನಿಲ್ಲಿಸಿ, ಪ್ರತಿ ಹಂತದಲ್ಲಿ ಎಳ್ಳಿನಷ್ಟು ಮುಂದುವರಿದು, ಅವಳಿಗಳನ್ನು ಬಿಡಿಸಬೇಕಾಗುತ್ತದೆ.

೧೯೬೬ರಲ್ಲಿ ಅಮೆರಿಕದ ಓಹಾಯೋದಲ್ಲಿ ವಾಯುಪಡೆಯ ಪ್ರಯೋಗಾಲಯದಲ್ಲಿದ್ದ ಕಾರ್ಲ್ ಸ್ಟ್ರನಾಟ್ ಮತ್ತು ಸಂಗಡಿಗ ಹೋಫರ್, ಯಿಟ್ರಿಯಮ್-ಕೋಬಾಲ್ಟ್ ಸಂಯುಕ್ತದಲ್ಲಿ ಅಸಾಧಾರಣವಾದ ಈ ದಿಕ್ಕುನಿಷ್ಠೆಯನ್ನು ತೋರಿಸಿದರು. ಅಲ್ಲಿಂದ ಸಮೇರಿಯಮ್-ಕೋಬಾಲ್ಟ್ ಅಯಸ್ಕಾಂತಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಅಯಸ್ಕಾಂತದ ಸಾಮರ್ಥ್ಯವನ್ನು ಅಳೆಯುವ ಮೆಗಾಗೌಸ್-ಅರ್‌ಸ್ಟೆಡ್ ಮಾನದಲ್ಲಿ ಹೇಳುವುದಾದರೆ, ೧೯೧೭ರ ಜಪಾನಿ ಉಕ್ಕಿನ ಅಯಸ್ಕಾಂತ ಒಂದರ ಆಸುಪಾಸಿನಲ್ಲಿತ್ತು. ಅಲ್ಯೂಮಿನಿಯಮ್-ನಿಕ್ಕಲ್-ಕೋಬಾಲ್ಟ್‌ಗಳ ಅಲ್ನಿಕೊ ಐದಕ್ಕೆ ಏರಿತು. ಅಗ್ಗದ ಫೆರೈಟ್ ಮೂರು ನಾಲ್ಕರಲ್ಲಿ ನಿಂತಿತು. ಸಮೇರಿಯಮ್-ಕೋಬಾಲ್ಟ್ ಇಪ್ಪತ್ತನ್ನು, ಅನಂತರ ಮೂವತ್ತನ್ನು ಮುಟ್ಟಿತು. ಕೋಬಾಲ್ಟಿನ ಬಹುಪಾಲು ಬರುತ್ತಿದ್ದ ಝಾಯಿರ್ ದೇಶದ ಗಣಿಪ್ರಾಂತದಲ್ಲಿ ೧೯೭೮ರಲ್ಲಿ ದಂಗೆಯಾಗಿ ಅದರ ಬೆಲೆ ಗಗನಕ್ಕೇರಿದುದರಿಂದ, ಕೋಬಾಲ್ಟನ್ನು ಬಿಟ್ಟು ಕಬ್ಬಿಣದಿಂದಲೇ ಅಯಸ್ಕಾಂತ ಮಾಡುವ ಹಂಬಲ ತೀವ್ರವಾಯಿತು. ೧೯೮೩ರ ನವೆಂಬರಿನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಒಂದೇ ಸಮ್ಮೇಳನದಲ್ಲಿ, ಸುಮಿಟೊಮೊ ಕಂಪನಿಯ ಮಸಾಟೊ ಸಗಾವಾ ಮತ್ತು ಜನರಲ್ ಮೋಟಾರ್ಸ್‌ನ ಜಾನ್ ಕ್ರೋಟ್ ಬೇರೆ ಬೇರೆ ಮಾರ್ಗಗಳಿಂದ ತಲುಪಿದ ಒಂದೇ ಪದಾರ್ಥವನ್ನು ಪ್ರಕಟಿಸಿದರು: ಎರಡು ನಿಯೋಡಿಮಿಯಮ್, ಹದಿನಾಲ್ಕು ಕಬ್ಬಿಣ, ಒಂದು ಬೋರಾನ್. ಬೋರಾನಿನ ಪಾಲು ತೂಕದಲ್ಲಿ ನೂರಕ್ಕೆ ಒಂದು ಮಾತ್ರ. ಆದರೆ ಬೇಕಾದ ಹರಳಿನ ರಚನೆ ನಿಲ್ಲುವುದು ಅದರಿಂದಲೇ. ಸಗಾವಾ ಮೊದಲು ಪಡೆದುದು ೩೬. ಇಂದು ಮಾರುಕಟ್ಟೆಯಲ್ಲಿರುವವು ೫೦ನ್ನು ದಾಟಿವೆ. ಸಿದ್ಧಾಂತದ ಮಿತಿ ೬೪. ಶಾಲಾಪುಸ್ತಕಗಳ ಚಿತ್ರದಲ್ಲಿ ಅಯಸ್ಕಾಂತ ಈಗಲೂ ಕುದುರೆಲಾಳದ ಆಕಾರದಲ್ಲಿಯೇ ಇರುತ್ತದೆ. ಹಠ ಕಡಮೆಯಿದ್ದ ಹಳೆಯ ಉಕ್ಕು ತನ್ನ ಧ್ರುವಗಳ ವಿರೋಧದಿಂದಲೇ ತನ್ನ ಶಕ್ತಿಯನ್ನು ಕಳೆದುಕೊಳ್ಳದಿರಲೆಂದು ಮಾಡಿಕೊಂಡ ಉಪಾಯ ಆ ಆಕಾರ. ನಿಯೋಡಿಮಿಯಮ್ ಕಾಂತಕ್ಕೆ ಅದು ಬೇಡ. ತೆಳು ಬಿಲ್ಲೆಯಾದರೂ ಸಾಕು.

ಕೊಲಾಬಾದ ಪ್ರಯೋಗಾಲಯದಲ್ಲಿಯೂ ವಿರಳ ಭಸ್ಮಗಳ ಮಿಶ್ರಲೋಹಗಳ ಅಧ್ಯಯನ ದಶಕಗಳಿಂದ ನಡೆದಿದೆ. ೧೯೯೪ರಲ್ಲಿ ಆರ್. ನಾಗರಾಜನ್ ಮತ್ತು ಸಂಗಡಿಗರು ಯಿಟ್ರಿಯಮ್, ನಿಕ್ಕಲ್, ಬೋರಾನ್ ಮತ್ತು ಇಂಗಾಲ ಸೇರಿದ ಪದಾರ್ಥದಲ್ಲಿ ಅತಿವಾಹಕತೆಯನ್ನು ಪ್ರಕಟಿಸಿದರು. ಅದು ಅಯಸ್ಕಾಂತವಲ್ಲ, ಒಂದರ್ಥದಲ್ಲಿ ಅದರ ವಿರೋಧಿ. ಆದರೆ ಕುಟುಂಬ ಒಂದೇ.

ಪದಾರ್ಥದ ಸೂತ್ರ ತಿಳಿದ ಮಾತ್ರಕ್ಕೆ ಅಯಸ್ಕಾಂತ ಕೈಗೆ ಬರುವುದಿಲ್ಲ. ಮಿಶ್ರಲೋಹವನ್ನು ನಿರ್ವಾತದಲ್ಲಿ ಕರಗಿಸಿ ತೆಳುಪಟ್ಟಿಯಾಗಿ ಹೆಪ್ಪುಗಟ್ಟಿಸಬೇಕು. ಜಲಜನಕವನ್ನು ಹೀರಿಸಿ ತಾನಾಗಿ ಬಿರಿಯುವಂತೆ ಮಾಡಬೇಕು. ಮೂರರಿಂದ ಐದು ಮೈಕ್ರಾನಿನ ಪುಡಿಯಾಗುವಂತೆ ಅರೆಯಬೇಕು. ಗಾಳಿ ತಾಗಿದರೆ ಈ ಪುಡಿ ಹೊತ್ತಿಕೊಳ್ಳುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ಕಣಗಳೆಲ್ಲ ಒಂದೇ ದಿಕ್ಕಿಗೆ ನಿಂತಿರುವಾಗ ಒತ್ತಿ, ೧೦೫೦ರಿಂದ ೧೧೦೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ, ಮತ್ತೆ ಹದಗೊಳಿಸಿ, ಕತ್ತರಿಸಿ, ತುಕ್ಕು ಹಿಡಿಯದಂತೆ ನಿಕ್ಕಲ್ ಹೊದಿಸಿ, ಕೊನೆಗೆ ಕ್ಷಣಮಾತ್ರದ ಮಹಾವಿದ್ಯುತ್ತಿನಿಂದ ಅದಕ್ಕೆ ಕಾಂತತ್ವ ಕೊಡಬೇಕು. ಬಿಸಿ ಇದರ ಶತ್ರು. ಸುಮಾರು ೩೧೨ ಡಿಗ್ರಿಯಲ್ಲಿ ಕಾಂತತ್ವ ಪೂರ್ತಿ ನಾಶವಾಗುತ್ತದೆ. ಅದಕ್ಕಿಂತ ಬಹಳ ಮೊದಲೇ ಹಠ ಸಡಿಲವಾಗುತ್ತದೆ. ಮೋಟಾರಿನ ಬಿಸಿಯನ್ನು ತಾಳಲೆಂದು ಸ್ವಲ್ಪ ಡಿಸ್ಪ್ರೋಸಿಯಮ್ ಬೆರೆಸುತ್ತಾರೆ. ಅದು ಹಠವನ್ನು ಹೆಚ್ಚಿಸುತ್ತದೆ, ಆದರೆ ಅದರ ಕಾಂತ ಕಬ್ಬಿಣದ ಕಾಂತಕ್ಕೆ ಎದುರಾಗಿ ನಿಲ್ಲುವುದರಿಂದ ಒಟ್ಟು ಬಲ ತುಸು ಕುಗ್ಗುತ್ತದೆ. ಏಳುನೂರು ಡಿಗ್ರಿಯಾಚೆಗೂ ಕಾಂತತ್ವವನ್ನು ಉಳಿಸಿಕೊಳ್ಳುವ ಸಮೇರಿಯಮ್-ಕೋಬಾಲ್ಟ್, ದುಬಾರಿಯಾದರೂ ವಿಮಾನ, ಕ್ಷಿಪಣಿ, ಉಪಗ್ರಹಗಳಲ್ಲಿ ಇಂದಿಗೂ ಸ್ಥಾನ ಬಿಟ್ಟುಕೊಟ್ಟಿಲ್ಲ.

ಮುಂಬಯಿಯ ದಿನಚರಿಯಲ್ಲಿ ಈ ಅಯಸ್ಕಾಂತ ಎಲ್ಲಿದೆ ಎಂದು ಹುಡುಕುವವರು ಮೊದಲು ಲೋಕಲ್ ರೈಲನ್ನು ನೆನೆಯುವುದು ಸಹಜ. ಅಲ್ಲಿ ಅದು ಇಲ್ಲ. ಇಂದಿನ ಲೋಕಲ್ ಗಾಡಿಗಳನ್ನು ಎಳೆಯುವ ಇಂಡಕ್ಷನ್ ಮೋಟಾರುಗಳಿಗೆ ಶಾಶ್ವತ ಅಯಸ್ಕಾಂತದ ಅಗತ್ಯವಿಲ್ಲ. ಅದು ಇರುವುದು ಆ ಗಾಡಿಯಲ್ಲಿ ಜೋತುಬಿದ್ದವನ ಕಿವಿಯ ಇಯರ್‌ಫೋನಿನಲ್ಲಿ, ಕಿಸೆಯ ಮೊಬೈಲ್ ಕಂಪಿಸುವ ಪುಟ್ಟ ಮೋಟಾರಿನಲ್ಲಿ. ಗಿರಣಿಗಳು ಮುಚ್ಚಿದ ಪರೇಲ್, ಲೋವರ್ ಪರೇಲ್‌ಗಳಲ್ಲಿ ಎದ್ದ ಗೋಪುರಗಳಲ್ಲಿ ಯಂತ್ರಕೋಣೆಯಿಲ್ಲದ ಲಿಫ್ಟುಗಳು ಸಾಧ್ಯವಾದುದು ಗೇರಿಲ್ಲದ ಚಪ್ಪಟೆ ಮೋಟಾರಿನಿಂದ. ೧೯೯೬ರಲ್ಲಿ ಫಿನ್ಲೆಂಡಿನ ಕೋನೆ ಕಂಪನಿ ಬಳಕೆಗೆ ತಂದ ಈ ಮಾದರಿಗೆ ಶಾಶ್ವತ ಅಯಸ್ಕಾಂತವೇ ಆಧಾರ. ಗಣಕದ ಹಾರ್ಡ್ ಡಿಸ್ಕಿನಲ್ಲಿ ಓದುವ ತೋಳನ್ನು ಆಡಿಸುವುದು ಹತ್ತಿಪ್ಪತ್ತು ಗ್ರಾಂ ನಿಯೋಡಿಮಿಯಮ್ ಕಾಂತ. ವಿದ್ಯುತ್ ಕಾರಿಗೆ ಒಂದೆರಡು ಕಿಲೋ. ಗೇರಿಲ್ಲದ ದೊಡ್ಡ ಗಾಳಿಯಂತ್ರಕ್ಕೆ ಪ್ರತಿ ಮೆಗಾವಾಟ್‌ಗೆ ನೂರಾರು ಕಿಲೋ. ಕೈಗೆ ಕಟ್ಟಿಕೊಂಡರೆ ರೋಗ ವಾಸಿಯಾಗುತ್ತದೆಂದು ಮಾರುವ ಕಾಂತಕಂಕಣಗಳಿಗೆ ಮಾತ್ರ ವೈದ್ಯಕೀಯ ಆಧಾರವಿಲ್ಲ. ಆಟಿಕೆಯ ಕಾಂತಗುಂಡುಗಳು ಮಗುವಿನ ಹೊಟ್ಟೆ ಸೇರಿದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ರಂಧ್ರಮಾಡುತ್ತವೆಂಬುದು ಮನೆಗಳಲ್ಲಿ ತಿಳಿದಿರಬೇಕಾದ ವಿಷಯ.

ದೇಶದ ಮುಂದಿರುವ ಪ್ರಶ್ನೆ ಇನ್ನೂ ದೊಡ್ಡದು. ೨೦೨೫ರಲ್ಲಿ ಸರಕಾರ ನೀಡಿದ ಅಂಕಿಗಳಂತೆ ಭಾರತದ ೧.೩೧೫ ಕೋಟಿ ಟನ್ ಮೊನಜೈಟಿನಲ್ಲಿ ೭೨.೩ ಲಕ್ಷ ಟನ್ ವಿರಳ ಭಸ್ಮ ಆಕ್ಸೈಡುಗಳಿವೆ. ವರ್ಷಕ್ಕೆ ಹೊರಬರುವುದು ಮೂರು ಸಾವಿರ ಟನ್ನಿನ ಆಸುಪಾಸು. ಜನರಲ್ ಮೋಟಾರ್ಸ್ ತನ್ನ ಅಯಸ್ಕಾಂತ ವಿಭಾಗವನ್ನು ೧೯೯೫ರಲ್ಲಿ ಚೀನಾದ ಪಾಲುದಾರರೂ ಇದ್ದ ಕೂಟಕ್ಕೆ ಮಾರಿತು. ಕ್ರಮೇಣ ಲೋಕದ ನಿಯೋಡಿಮಿಯಮ್ ಕಾಂತಗಳಲ್ಲಿ ನೂರಕ್ಕೆ ಸುಮಾರು ೯೦ ಪಾಲು ಚೀನಾದಲ್ಲಿ ತಯಾರಾಗುವಂತಾಯಿತು. ಭಾರತ ಮಾತ್ರ ಮರಳಿನಿಂದ ಆಕ್ಸೈಡಿನವರೆಗೆ ಬಂದು ಬಹುಕಾಲ ಅಲ್ಲಿಯೇ ನಿಂತಿತು. ಮೊನಜೈಟಿನೊಳಗಿನ ಥೋರಿಯಮ್ಮಿನ ಕಾರಣದಿಂದ ಅದು ಪರಮಾಣು ಶಕ್ತಿ ಕಾಯಿದೆಯ ನಿಯಂತ್ರಣದಲ್ಲಿದ್ದುದು ಒಂದು ಹಿನ್ನೆಲೆ. ಆಕ್ಸೈಡನ್ನು ಲೋಹವಾಗಿಸಿ, ಲೋಹವನ್ನು ಕಾಂತವಾಗಿಸುವ ಮಧ್ಯದ ಉದ್ಯಮಕ್ಕೆ ದೇಶದೊಳಗೆ ಗಿರಾಕಿಗಳಿಲ್ಲದಿದ್ದುದು ಇನ್ನೊಂದು. ೨೦೨೩ರ ಮೇ ೧೧ರಂದು ವಿಶಾಖಪಟ್ಟಣದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಆವರಣದಲ್ಲಿ, ಸ್ವದೇಶಿ ತಂತ್ರಜ್ಞಾನದ ಸಮೇರಿಯಮ್-ಕೋಬಾಲ್ಟ್ ಸ್ಥಾವರ ಲೋಕಾರ್ಪಣೆಯಾಯಿತು. ಅದರ ಸಾಮರ್ಥ್ಯ ವರ್ಷಕ್ಕೆ ೩೦೦೦ ಕಿಲೋಗ್ರಾಂ. ರಕ್ಷಣೆ ಮತ್ತು ಪರಮಾಣು ಕಾರ್ಯಗಳ ದೃಷ್ಟಿಯಿಂದ ಅದು ಮಹತ್ವದ್ದು, ವಾಹನೋದ್ಯಮದ ದೃಷ್ಟಿಯಿಂದ ಸಾಸಿವೆಯಷ್ಟು. ೨೦೨೫ರ ಏಪ್ರಿಲ್ ೪ರಂದು ಚೀನಾ ಸಮೇರಿಯಮ್, ಡಿಸ್ಪ್ರೋಸಿಯಮ್ ಸೇರಿ ಏಳು ಧಾತುಗಳ ಮತ್ತು ಅವುಗಳಿರುವ ಕಾಂತಗಳ ರಫ್ತಿಗೆ ಪರವಾನಗಿಯ ಕಟ್ಟು ಹಾಕಿದಾಗ, ಕೆಲವೇ ತಿಂಗಳುಗಳಲ್ಲಿ ಭಾರತದ ವಿದ್ಯುತ್ ದ್ವಿಚಕ್ರ ವಾಹನಗಳ ತಯಾರಿಕೆಗೆ ಅದರ ಬಿಸಿ ತಟ್ಟಿತು. ಅದೇ ವರ್ಷದ ನವೆಂಬರ್ ೨೬ರಂದು ಕೇಂದ್ರ ಸಚಿವ ಸಂಪುಟ ೭,೨೮೦ ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಗುರಿ ವರ್ಷಕ್ಕೆ ೬,೦೦೦ ಟನ್ ಕಾಂತ, ಅಂದರೆ ವಿಶಾಖಪಟ್ಟಣದ ಸಾಮರ್ಥ್ಯದ ಎರಡು ಸಾವಿರ ಪಟ್ಟು.

ಹಣದಿಂದ ಕಾರ್ಖಾನೆ ಏಳಬಹುದು. ಮರಳಿನಲ್ಲಿ ಇಲ್ಲದ್ದನ್ನು ತರಲಾಗದು. ಭಾರತದ ಮೊನಜೈಟಿನಲ್ಲಿ ನಿಯೋಡಿಮಿಯಮ್ ಧಾರಾಳವಾಗಿದ್ದರೂ ಡಿಸ್ಪ್ರೋಸಿಯಮ್ ಅತ್ಯಲ್ಪ. ಬಿಸಿ ತಾಳುವ ಕಾಂತಕ್ಕೆ ಬೇಕಾದ ಆ ಧಾತುವಿಗೆ ದೇಶದೊಳಗಿನ ಸಮೀಪದ ಗಣಿಯೆಂದರೆ ಹಳೆಯ ಮೋಟಾರು ಮತ್ತು ಕಂಪ್ರೆಸರುಗಳ ಗುಜರಿ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮಾರಾಟವಾದ ಗಣಕಗಳು ವರ್ಷಗಳು ಕಳೆದು ಕುರ್ಲಾ, ಸಾಕಿನಾಕಾಗಳ ಭಂಗಾರದ ಗೋದಾಮುಗಳನ್ನು ಸೇರುತ್ತವೆ. ಅಲ್ಲಿ ತಾಮ್ರಕ್ಕೆ, ಅಲ್ಯೂಮಿನಿಯಮ್ಮಿಗೆ, ಬಂಗಾರ ಲೇಪಿಸಿದ ಫಲಕಗಳಿಗೆ ಬೆಲೆಯುಂಟು. ಕಾಂತ ಉಕ್ಕಿನ ತುಂಡಿಗೆ ಕಚ್ಚಿಕೊಂಡೇ ಕುಲುಮೆಗೆ ಹೋದರೆ ಅದರ ನಿಯೋಡಿಮಿಯಮ್ ಕಿಟ್ಟದಲ್ಲಿ ಕರಗಿಹೋಗುತ್ತದೆ. ಅದನ್ನು ಬಿಡಿಸುವ ಮೊದಲ ಹೆಜ್ಜೆ ಕಷ್ಟದ್ದೇನಲ್ಲ: ೩೧೨ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಕಾಯಿಸಿದರೆ ಕಾಂತ ತನ್ನ ಹಿಡಿತವನ್ನು ಬಿಟ್ಟು, ಯಾವ ಕಬ್ಬಿಣಕ್ಕೂ ಅಂಟದ ಬೂದುಬಣ್ಣದ ಬಿಲ್ಲೆಯಾಗಿ ಕೆಳಗೆ ಬೀಳುತ್ತದೆ. ಹಾಗೆ ಬಿದ್ದುದನ್ನು ಬೇರೆ ಡಬ್ಬಿಗೆ ಹಾಕಿಡುವಷ್ಟು ಬೆಲೆಯನ್ನು ಭಂಗಾರದ ವ್ಯಾಪಾರಿಗೆ ಯಾರು ಕೊಡಬೇಕೆಂಬುದು ಇನ್ನೂ ತೀರ್ಮಾನವಾಗಬೇಕಾಗಿದೆ.